ಗಾಲಿಯಜ್ಜನ ಮೂರು ಗೆರೆ

ಜನವರಿ ೯

ಅಕ್ಕಾ,

ಈ ಕಾಗದವನ್ನು ಎದ್ದುನಿಂತು ಓದು. ಇದು ದಿನನಿತ್ಯದ ಕಾಗದವಲ್ಲ, ನಮ್ಮ ಮನೆತನದ ಚರಿತ್ರೆಯ ಮೊದಲನೆಯ ಪುಟ. ಮಂಡಿ ನೋವಿದ್ದರೆ ಕೂತೇ ಓದು, ಚರಿತ್ರೆ ಬೇಸರ ಮಾಡಿಕೊಳ್ಳುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೋದ ಸಲ ನಾನು "ಆರೋಗ್ಯ ಹೇಗಿದೆ?" ಅಂದದ್ದಕ್ಕೆ ನೀನು "ಗುರುವಾರ" ಅಂದೆ. ನಿನ್ನ ಕಿವಿಯ ಜೊತೆ ಇನ್ನು ಅಂಚೆಯ ಮೂಲಕವೇ ವ್ಯವಹಾರ ಎಂದು ಅವತ್ತೇ ತೀರ್ಮಾನಿಸಿದೆ.

ವಿಷಯ ಇಷ್ಟು. ನಾನು ಗಾಲಿಯಜ್ಜನನ್ನು ಹುಡುಕಲು ಹೊರಟಿದ್ದೇನೆ. ಅದೇ, ನಮ್ಮ ಅಜ್ಜನ ಅಜ್ಜ, ಹಳ್ಳಿಯಲ್ಲಿ ಗಾಡಿಯ ಗಾಲಿ ಮಾಡುತ್ತಿದ್ದನಂತಲ್ಲ, ಆತ. ಬೇರೆಯವರ ಮನೆಯಲ್ಲಿ ಪೂರ್ವಜರು ದಳಪತಿಗಳೋ ಪಂಡಿತರೋ ಆಗಿರುತ್ತಾರೆ. ನಮ್ಮವನು ಗಾಲಿ ಮಾಡಿದ. ಅವರೆಲ್ಲ ಯಾವುದರ ಮೇಲೆ ಕೂತು ಮೆರೆದರು ಎಂದು ಒಮ್ಮೆ ಯೋಚಿಸಿದರೆ ನಮ್ಮ ಹೆಚ್ಚುಗಾರಿಕೆ ತಿಳಿಯುತ್ತದೆ. ದಾಖಲೆ ಕಚೇರಿಯಲ್ಲಿ ಹಳೆಯ ಖಾನೇಷುಮಾರಿಯ ಹಾಳೆಗಳು ಸಿಗುತ್ತವಂತೆ. ಯಾವ ಮನೆಯಲ್ಲಿ ಯಾರಿದ್ದರು, ಏನು ವಯಸ್ಸು, ಏನು ಕಸುಬು, ಎಲ್ಲ ಬರೆದಿಟ್ಟಿದ್ದಾರೆ. ವಾರಕ್ಕೊಂದು ದಿನ ಹಲ್ಲುಗಳಿಗೆ ರಜೆ ಕೊಟ್ಟು ಅಲ್ಲಿಗೆ ಹೋಗುತ್ತೇನೆ. ಕಾರ್ಖಾನೆಯನ್ನು ಮಗಳು ನೋಡಿಕೊಳ್ಳುತ್ತಾಳೆ. (ಎರಡು ಕೋಣೆಯ ಜಾಗವನ್ನು ಕಾರ್ಖಾನೆ ಅನ್ನುತ್ತೀಯಲ್ಲೋ ಎಂದು ನಗಬೇಡ. ಊರಿನ ಅರ್ಧ ಜನ ನಮ್ಮಲ್ಲಿ ತಯಾರಾದ ಹಲ್ಲಿನಿಂದಲೇ ನಗುತ್ತಾರೆ.)

ನಿನ್ನ ಮನೆಯಲ್ಲಿ ಆತ ಮಾಡಿದ ಸ್ಟೂಲು ಇದೆಯಲ್ಲ, ಅದರ ಅಡಿಯಲ್ಲಿ ಆತನ ಗುರುತು ಇತ್ತೆಂದು ನೆನಪು. ನೋಡಿ ಬರೆ. ಇನ್ನೊಂದು. ಆತ ಎಷ್ಟು ವಯಸ್ಸಿಗೆ ಕೆಲಸ ಬಿಟ್ಟ, ಯಾಕೆ ಬಿಟ್ಟ ಎಂದು ಅಪ್ಪ ಯಾವತ್ತಾದರೂ ನಿನ್ನ ಹತ್ತಿರ ಹೇಳಿದ್ದರಾ? ಸುಮ್ಮನೆ ಕೇಳಿದೆ.

ಇದರ ಹಿಂದೆಯೇ ಪಾರ್ಸೆಲ್ಲಿನಲ್ಲಿ ನಿನ್ನ ಹೊಸ ಹಲ್ಲಿನ ಸೆಟ್ ಬರುತ್ತದೆ. ನಾನೇ ಕೈಯಾರೆ ಮಾಡಿದ್ದು. ಅಕ್ಷರ ಅಲ್ಲಾಡಿದಂತೆ ಕಂಡರೆ ಅದು ಮೇಜಿನ ತಪ್ಪು, ಅದಕ್ಕೆ ಒಂದು ಕಾಲು ಗಿಡ್ಡ.

ಮನೆತನದ ಚರಿತ್ರಕಾರ,
ನಿನ್ನ ತಮ್ಮ


ಜನವರಿ ೨೧

ಲೋ ಚಿಲ್ಟು,

ಚರಿತ್ರಕಾರನಂತೆ! ಹತ್ತನೇ ಕ್ಲಾಸಿನಲ್ಲಿ ಚರಿತ್ರೆಯಲ್ಲಿ ಡುಮ್ಕಿ ಹೊಡೆದವನು ನೀನು. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಹಾಕಿಕೊಟ್ಟವಳು ನಾನು. ಚರಿತ್ರೆ ಅಂದರೆ ಅದು.

ಸ್ಟೂಲನ್ನು ಬೋರಲು ಹಾಕಿ ನೋಡಿದೆ. ಎರಡು ವರ್ಷದಿಂದ ಕಾಣೆಯಾಗಿದ್ದ ನನ್ನ ಕನ್ನಡಕದ ಒಂದು ಕಡ್ಡಿ ಸಿಕ್ಕಿತು, ನಿನ್ನ ಸಂಶೋಧನೆಯಿಂದ ಅಷ್ಟಾದರೂ ಲಾಭ. ಗುರುತು ಇದೆ. ಉಳಿಯಿಂದ ಹೊಡೆದ ಮೂರು ಗೆರೆ, ಮೇಲೆ ಒಂದು ಚುಕ್ಕೆ. ಎಷ್ಟು ನೆಟ್ಟಗಿವೆ ಅಂತೀಯಾ, ಬೆರಳಾಡಿಸಿದರೆ ಅಡಿಕೋಲು ಇಟ್ಟು ಎಳೆದ ಹಾಗೆ. ಈ ಸ್ಟೂಲಿನ ಮೇಲೆ ಕಾಲಿಟ್ಟೇ ನಾನು ದಿನಾ ಚಪ್ಪಲಿಯ ಪಟ್ಟಿ ಬಿಗಿಯೋದು. ಪೂರ್ವಜರ ತಲೆಯ ಮೇಲೆ ಕಾಲಿಟ್ಟೆ ಅಂತ ಅದಕ್ಕೂ ಒಂದು ಅಧ್ಯಾಯ ಬರೆಯಬೇಡ.

ಕೆಲಸ ಬಿಟ್ಟ ವಿಷಯ ಅಪ್ಪ ಏನೂ ಹೇಳಿದ್ದಿಲ್ಲ. "ನಮ್ಮ ಮನೆತನದ ಗಂಡಸರು ಒಂದು ವಯಸ್ಸಾದ ಮೇಲೆ ಕೈ ಕಟ್ಟಿಕೊಂಡು ಗಂಭೀರವಾಗಿ ಕೂರುತ್ತಾರೆ" ಅಂತ ಮಾತ್ರ ಹೇಳುತ್ತಿದ್ದರು. ಅದು ನಿನಗೂ ಗೊತ್ತಿರುವುದೇ. ಫೋಟೋದಲ್ಲಿ ಅಜ್ಜ ಕೈ ಕಟ್ಟಿಕೊಂಡು ನಿಂತಿಲ್ಲವಾ, ಅಪ್ಪ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿಲ್ಲವಾ, ಹಾಗೆ.

ಈಗ ಹಲ್ಲಿನ ವಿಷಯ. ಬೈಯಬೇಡ. ಸೆಟ್ ಕೂರುತ್ತಿಲ್ಲ ಕಣೋ. ಎಡಗಡೆ ಎತ್ತಿಕೊಂಡಿದೆ. "ಸ" ಅಂದರೆ ಸಿಳ್ಳೆ ಬರುತ್ತೆ. ನಿನ್ನೆ ತರಕಾರಿಯವನಿಗೆ "ಸೌತೆಕಾಯಿ ಸಣ್ಣದು ಕೊಡು" ಅಂದೆ, ಅವನ ನಾಯಿ ಎದ್ದು ಬಂತು. ಹಿಂದಿನ ಮೂರು ಸೆಟ್ಟೂ ನೀನೇ ಮಾಡಿದ್ದು, ನಾನು ಹುಟ್ಟುವಾಗಲೇ ತಂದ ಹಾಗಿದ್ದವು. ಅದಕ್ಕೇ ಕೇಳುತ್ತಿದ್ದೇನೆ.

ಮತ್ತೆ, ನಿನ್ನ ಮೇಜು ನನಗೆ ಗೊತ್ತು. ಅದು ಗೋಡೆಗೆ ಹೂತ ಕಲ್ಲಿನ ಮೇಜು. ಅದಕ್ಕೆ ಕಾಲೇ ಇಲ್ಲ.

ಅಕ್ಕ


ಫೆಬ್ರವರಿ ೧೪

ಅಕ್ಕಾ,

ಸಿಕ್ಕಿಬಿಟ್ಟ! ೧೮೭೧ನೇ ಇಸವಿಯ ಹಾಳೆಯಲ್ಲಿ ಗಾಲಿಯಜ್ಜ ಹೆಂಡತಿ ಮಕ್ಕಳ ಸಮೇತ ನನ್ನ ದಾರಿ ನೋಡುತ್ತಾ ಕೂತಿದ್ದ.

ಮೊದಲು ದಾಖಲೆ ಕಚೇರಿಯ ವರ್ಣನೆ ಕೇಳು. ಒಳಗೆ ಹೋಗುವಾಗ ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಡುತ್ತಾರೆ. ಮಸಿ ಚೆಲ್ಲಿ ಚರಿತ್ರೆ ಹಾಳಾದೀತು ಅಂತ. ಅಲ್ಲೊಬ್ಬಳು ಗುಮಾಸ್ತೆ ಇದ್ದಾಳೆ, ಕೆಮ್ಮಿದರೂ ತಲೆಯೆತ್ತಿ ನೋಡುತ್ತಾಳೆ. ನಾನು ಹಾಳೆ ತಿರುಗಿಸುವುದನ್ನು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದಳು.

"ಯಜಮಾನರೇ, ನೀವು ಮುಟ್ಟಬೇಡಿ. ಹಾಳೆ ಹರಿಯುತ್ತೆ. ನಾನೇ ತಿರುಗಿಸ್ತೀನಿ, ನೀವು ಹೂಂ ಅನ್ನಿ."

ಹಾಗಾಗಿ ನಾನು ಕೈ ಕಟ್ಟಿಕೊಂಡು ಮಹಾರಾಜನ ಹಾಗೆ ಕೂತು ಹೂಂ ಹೂಂ ಅನ್ನುತ್ತಾ ಹೋದೆ, ಅವಳು ತಿರುಗಿಸುತ್ತಾ ಹೋದಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆ ಬಂತು. ಯಜಮಾನ, ವಯಸ್ಸು ಮೂವತ್ತೊಂಬತ್ತು, ಕಸುಬು: ಗಾಲಿ ಮಾಡುವ ಬಡಗಿ. ಪಕ್ಕದ ಮನೆಯವನು ಕಮ್ಮಾರ, ಆಚೆಯವನು ಗಾಣದವನು. ಅಕ್ಕಾ, "ಕಸುಬು" ಅನ್ನುವ ಕಾಲಂನಲ್ಲಿ ಆ ಪದ ನೋಡಿದಾಗ ನಾನು ತೋಳಿನಿಂದ ಕಣ್ಣೊರೆಸಿಕೊಂಡೆ. ಗುಮಾಸ್ತೆ ಕೂಡಲೇ "ಹಾಳೆಯ ಮೇಲೆ ಕಣ್ಣೀರು ಬೀಳಬಾರದು" ಎಂದು ನೋಟ್ಬುಕ್ಕನ್ನು ಅಡ್ಡ ಹಿಡಿದಳು. ಅಲ್ಲಿ ಎಲ್ಲಕ್ಕೂ ನಿಯಮವಿದೆ.

ಇನ್ನು ಹತ್ತು ವರ್ಷದ ನಂತರದ ಹಾಳೆ ನೋಡಬೇಕು. ಅವರು ಹುಡುಕಿ ತೆಗೆಯಲು ಸ್ವಲ್ಪ ಸಮಯ ಕೇಳಿದ್ದಾರೆ. ಅದು ಬರುವ ತನಕ ನನಗೆ ಊಟ ಸೇರುವುದಿಲ್ಲ. ಯಾಕೋ ಗೊತ್ತಿಲ್ಲ.

ಹಲ್ಲು ಕೂರದಿದ್ದರೆ ಅದು ನಿನ್ನ ವಸಡಿನ ದೋಷ. ವಯಸ್ಸಾದ ಮೇಲೆ ವಸಡು ಕುಗ್ಗುತ್ತದೆ, ಅದು ಶಾಸ್ತ್ರ. ಅಕ್ಷರದ ಬಗ್ಗೆ ಹೇಳುವುದಾದರೆ, ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ.

ಅಂದಹಾಗೆ ಮಗಳಿಗೆ ಈ ಕೆಲಸ ಬಿಡಿಸಬೇಕೆಂದಿದ್ದೇನೆ. ಹಲ್ಲಿಗೆ ಭವಿಷ್ಯವಿಲ್ಲ. ಎಲ್ಲಾದರೂ ಕಚೇರಿಯಲ್ಲಿ ಕುರ್ಚಿ ಫ್ಯಾನು ಇರುವ ಕೆಲಸ ನೋಡಿಕೊಳ್ಳಲಿ. ನೀನೂ ಒಂದು ಮಾತು ಹೇಳು, ನಿನ್ನ ಮಾತು ಕೇಳುತ್ತಾಳೆ.

ತಮ್ಮ


ಮಾರ್ಚ್ ೩

ಅತ್ತೆ,

ನಾನು ನಿಮಗೆ ಕಾಗದ ಬರೆದಿದ್ದು ಅಪ್ಪನಿಗೆ ಗೊತ್ತಾಗಬಾರದು. ಇದನ್ನು ಓದಿ ಹರಿದುಹಾಕಿ. ಹರಿಯಲ್ಲ ಅಂತ ಗೊತ್ತು, ಆದರೂ ಹೇಳುತ್ತಿದ್ದೇನೆ.

ಅಪ್ಪ ನನ್ನನ್ನು ಕೆಲಸದಿಂದ ಓಡಿಸುತ್ತಿದ್ದಾರೆ. ಮೊನ್ನೆ ನನ್ನ ಮೇಣದ ಚಾಕುವನ್ನೇ ಕಿತ್ತು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. "ಯಾಕಪ್ಪಾ, ನನ್ನ ಕೆಲಸ ಚೆನ್ನಾಗಿಲ್ಲವಾ?" ಅಂತ ಕೇಳಿದೆ. "ಚೆನ್ನಾಗಿರೋದೇ ತೊಂದರೆ" ಅಂದರು. ಅದಕ್ಕೇನರ್ಥ ಹೇಳಿ. ನೇಮಕಾತಿ ಜಾಹೀರಾತು ಕತ್ತರಿಸಿ ನನ್ನ ಟಿಫಿನ್ ಡಬ್ಬಿಯೊಳಗೆ ಇಡುತ್ತಾರೆ. ನಿನ್ನೆ ಬಂದದ್ದು ದೀಪಸ್ತಂಭ ಕಾಯುವ ಕೆಲಸದ್ದು. ನನಗೆ ನೀರು ಕಂಡರೆ ಭಯ ಅಂತ ಅವರಿಗೆ ಗೊತ್ತು.

ಅತ್ತೆ, ಅವರ ಕೈ ನಡುಗುತ್ತದೆ. ಹೋದ ವರ್ಷದಿಂದ. ಮೊದಲು ಬಲಗೈ, ಈಗ ಎರಡೂ. ಒಂದೊಂದು ಹಲ್ಲನ್ನೂ ಮೇಣದಲ್ಲಿ ಕೂರಿಸಬೇಕಲ್ಲ, ಅದು ಕೂದಲೆಳೆಯಷ್ಟು ವಾಲಿದರೂ ಬಾಯಲ್ಲಿ ಒತ್ತುತ್ತದೆ. ಅವರು ಊಟಕ್ಕೆ ಎದ್ದಾಗ ನಾನು ಅವರ ಸೆಟ್ಟುಗಳನ್ನು ಸರಿಮಾಡಿ, ಅವರು ಬರುವ ಮೊದಲು ಇದ್ದ ಹಾಗೇ ಇಟ್ಟುಬಿಡುತ್ತೇನೆ. ಅವರಿಗೆ ಗೊತ್ತಾಗಿಲ್ಲ, ಅಥವಾ ಗೊತ್ತಾಗದ ಹಾಗೆ ಇದ್ದಾರೆ. ನಿಮ್ಮ ಸೆಟ್ ಒಂದನ್ನು ಮಾತ್ರ "ಇದು ಅಕ್ಕನದು, ಯಾರೂ ಮುಟ್ಟಬಾರದು" ಅಂತ ತಾವೇ ಮುಗಿಸಿ ತಾವೇ ಪಾರ್ಸೆಲ್ ಮಾಡಿದರು. ಅದು ಕೂತಿಲ್ಲ ಅಲ್ಲವಾ?

ಒಂದು ಕೇಳಲಾ? ತಾತನ ಕೈಯೂ ನಡುಗುತ್ತಿತ್ತಾ? ಅಪ್ಪ ಆ ಹಳೇ ಹಾಳೆಗಳಲ್ಲಿ ಹುಡುಕುತ್ತಿರುವುದು ಅದನ್ನೇ ಅಂತ ನನಗೆ ಅನ್ನಿಸುತ್ತೆ. ಇದು ಅಲ್ಲಿಂದ ಇಲ್ಲಿಗೆ ಬಂದಿದ್ದರೆ ಇಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನುವುದು ಗೊತ್ತೇ ಇದೆ. ಈಗೀಗ ನಾನೂ ಬೆಳಿಗ್ಗೆ ಎದ್ದ ತಕ್ಷಣ ಕೈ ಚಾಚಿ ನೋಡಿಕೊಳ್ಳುತ್ತೇನೆ. ನೆಟ್ಟಗೇ ಇದೆ. ನೋಡ್ತಾ ನೋಡ್ತಾ ಇದ್ದರೆ ಅಲ್ಲಾಡಿದ ಹಾಗೆ ಕಾಣುತ್ತೆ.

ಅವರಿಗೆ ಹೇಳಬೇಡಿ.

ನಿಮ್ಮ ಸೊಸೆ


ಮಾರ್ಚ್ ೧೧

ಅಕ್ಕಾ,

ಈ ಸಲ ಟೈಪ್ ಮಾಡಿಸಿದ್ದೇನೆ. ಚರಿತ್ರೆ ಅಂದಮೇಲೆ ಅಚ್ಚುಕಟ್ಟಾಗಿರಬೇಕು.

೧೮೮೧ರ ಹಾಳೆ ಬಂತು. ನಕಲು ಇದರ ಜೊತೆಗಿದೆ. ಮೇಲಿನ ಸಾಲು ನೋಡು. ಅದೇ ಮನೆ, ಅದೇ ಯಜಮಾನ, ವಯಸ್ಸು ನಲವತ್ತೊಂಬತ್ತು. ಕಸುಬಿನ ಕಾಲಂನಲ್ಲಿ ಏನೂ ಇಲ್ಲ. ಒಂದು ಅಡ್ಡಗೆರೆ, ಅಷ್ಟೆ.

ನಾನು ಆ ಅಡ್ಡಗೆರೆಯನ್ನು ಬಹಳ ಹೊತ್ತು ನೋಡಿದೆ. ಮಸಿ ಮುಗಿದಿತ್ತೇ ಎಂದು ಗುಮಾಸ್ತೆಯನ್ನು ಕೇಳಿದೆ. "ಅಲ್ಲ, ಕೆಲಸ ಮಾಡದವರಿಗೆ ಹಾಗೇ ಹಾಕುತ್ತಿದ್ದರು. ಸೋಮಾರಿಗಳಿಗೆ, ಶ್ರೀಮಂತರಿಗೆ, ಕೈಲಾಗದವರಿಗೆ" ಅಂದಳು. ನಮ್ಮವನು ಶ್ರೀಮಂತನಾಗಿದ್ದರೆ ನಾನು ಪರರ ಹಲ್ಲು ಎಣಿಸುತ್ತಾ ಕೂರುತ್ತಿರಲಿಲ್ಲ. ಸೋಮಾರಿ ಅಂದುಕೊಳ್ಳೋಣವೆಂದರೆ ನಿನ್ನ ಸ್ಟೂಲಿನ ಗೆರೆಗಳು ಹಾಗೆ ಹೇಳುವುದಿಲ್ಲ. ಉಳಿದದ್ದು ಒಂದೇ.

ನಲವತ್ತೊಂಬತ್ತು ಏನು ಮಹಾ ವಯಸ್ಸು? ಬಡಗಿಯೊಬ್ಬ ಉಳಿ ಕೆಳಗಿಡುವ ವಯಸ್ಸಲ್ಲ. ಆಮೇಲೆ ಎಷ್ಟು ವರ್ಷ ಆತ ಜಗಲಿಯ ಮೇಲೆ ಕೈ ಕಟ್ಟಿಕೊಂಡು ಗಂಭೀರವಾಗಿ ಕೂತಿದ್ದನೋ. ಎದುರಿಗೆ ತಾನೇ ಮಾಡಿದ ಗಾಲಿಗಳು ಓಡಾಡುತ್ತಿದ್ದವೋ ಏನೋ.

ಸಾಕು. ಚರಿತ್ರೆಯನ್ನು ಇಲ್ಲಿಗೆ ಮುಗಿಸಿದ್ದೇನೆ. ಗೊತ್ತಾಗಬೇಕಾದ್ದು ಗೊತ್ತಾಯಿತು. ಮಗಳನ್ನು ಈ ತಿಂಗಳೊಳಗೆ ಬೇರೆ ಕೆಲಸಕ್ಕೆ ಸೇರಿಸಿ, ಆಮೇಲೆ ಕಾರ್ಖಾನೆಗೆ ಬೀಗ ಹಾಕುತ್ತೇನೆ. ಕಾರಣ ಕೇಳಬೇಡ. ಮಾರುಕಟ್ಟೆ ಸರಿಯಿಲ್ಲ.

ಇಂತಿ


ಮಾರ್ಚ್ ೨೨

ಚಿಲ್ಟು,

ನಿನ್ನ ಕಾಗದದ ಕೊನೆಯಲ್ಲಿ ಸಹಿ ಇಲ್ಲ. "ಇಂತಿ" ಅಂತ ಅಚ್ಚಾಗಿ ನಿಂತಿದೆ, ಅದರ ಕೆಳಗೆ ಖಾಲಿ. ಸಹಿಯನ್ನಾದರೂ ಕೈಯಲ್ಲಿ ಹಾಕಬೇಕಿತ್ತಲ್ಲೋ. ಅದಕ್ಕೂ ಹೆದರಿದೆಯಾ?

ನನಗೆ ಕಿವಿ ಕೇಳಲ್ಲ, ಕಣ್ಣು ಕಾಣುತ್ತೆ. ಮೊದಲ ಕಾಗದದಿಂದಲೇ ಕಂಡಿದೆ. ನೀನಾಗಿ ಹೇಳಲಿ ಅಂತ ಮೇಜು, ಬಸ್ಸು, ಟೈಪು ಎಲ್ಲ ಸಹಿಸಿಕೊಂಡೆ. ಇನ್ನು ಮುಂದಿನ ಸಲ ಭೂಕಂಪ ಅಂತ ಬರೆಯುತ್ತೀಯೇನೋ.

ಅಪ್ಪನ ವಿಷಯ ಹೇಳುತ್ತೇನೆ, ಕೇಳು. ನಿನಗೆ ಆಗ ಆರೇಳು ವರ್ಷ. ಅಪ್ಪ ಡ್ರಾಯಿಂಗ್ ಮೇಷ್ಟರಾಗಿದ್ದವರು ಇದ್ದಕ್ಕಿದ್ದ ಹಾಗೆ ಡ್ರಿಲ್ ಮೇಷ್ಟರಾದರಲ್ಲ, ನೆನಪಿದೆಯಾ? ಬಡ್ತಿ ಸಿಕ್ಕಿತು ಅಂತ ನಾವು ಊರೆಲ್ಲ ಸಾರಿದೆವು. ಪೀಪಿ ಊದಲು ಕೈ ನೆಟ್ಟಗಿರಬೇಕಾಗಿಲ್ಲ. ಮತ್ತೆ, ಅಮ್ಮ ಎಲ್ಲರಿಗೂ ಲೋಟದ ತುಂಬ ಚಹಾ ಕೊಟ್ಟು ಅಪ್ಪನಿಗೆ ಮಾತ್ರ ಅರ್ಧ ಲೋಟ ಕೊಡುತ್ತಿದ್ದಳು. "ಅಮ್ಮನಿಗೆ ಅಪ್ಪನ ಮೇಲೆ ಸಿಟ್ಟು" ಅಂತ ನಾವಿಬ್ಬರೂ ಪಿಸುಗುಟ್ಟುತ್ತಿದ್ದೆವು. ಸಿಟ್ಟಲ್ಲ ಕಣೋ. ಚೆಲ್ಲಬಾರದು ಅಂತ. ಅರ್ಧ ಕುಡಿದಾದ ಮೇಲೆ ಮತ್ತರ್ಧ ಸುರಿಯುತ್ತಿದ್ದಳು, ಎಷ್ಟು ಸಲ ಬೇಕಾದರೂ. ಇಷ್ಟು ವರ್ಷ ಇದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಗಾಂಭೀರ್ಯ ಅಂತ ಹೆಸರಿಟ್ಟು ತಲೆಮಾರುಗಟ್ಟಲೆ ಸಾಕಿದ್ದಾರೆ.

ಈಗ ಎದ್ದುನಿಂತು ಓದು. ನೀನು ಕಳಿಸಿದ ನಕಲನ್ನು ಭೂತಗನ್ನಡಿ ಹಿಡಿದು ನೋಡಿದೆ. ಎರಡನೇ ಸಾಲು ಓದಿದೆಯಾ? ಓದಿರಲ್ಲ. ನಿನ್ನ ಚರಿತ್ರೆಯಲ್ಲಿ ಯಜಮಾನರು ಮಾತ್ರ ಇರುತ್ತಾರೆ, ಗಂಡಸಿನಿಂದ ಗಂಡಸಿಗೆ ಕಪ್ಪೆ ಹಾಗೆ ಹಾರುತ್ತಾ ಬಂದೆ. ಯಜಮಾನನ ಕೆಳಗೇ ಇದೆ, "ಹೆಂಡತಿ, ವಯಸ್ಸು ನಲವತ್ತನಾಲ್ಕು." ೧೮೭೧ರ ಹಾಳೆಯಲ್ಲಿ ಆಕೆಯ ಕಸುಬು ಏನಿತ್ತೋ ನನಗೆ ಗೊತ್ತಿಲ್ಲ, ನೀನು ಅದನ್ನು ಹೇಳಲೇ ಇಲ್ಲ. ಈ ಹಾಳೆಯಲ್ಲಿ ಬರೆದಿದ್ದಾರೆ: ಗಾಲಿ ಕೆಲಸ.

ಅಡ್ಡಗೆರೆ ಗಂಡನಿಗೆ. ಗಾಲಿ ಕೆಲಸ ಹೆಂಡತಿಗೆ.

ಇದನ್ನು ಓದಿದ ಮೇಲೆ ನನಗೆ ಮನೆಯಲ್ಲಿ ಕೂರಲು ಆಗುತ್ತಿಲ್ಲ. ಆ ಹಳ್ಳಿ ನನಗೆ ಅರ್ಧ ದಿನದ ಬಸ್ಸು ಹಾದಿ. ಮಂಡಿ ಒಪ್ಪಿದ ದಿನ ಹೋಗಿಬರುತ್ತೇನೆ.

ಸಹಿ ಇರುವ ಕಾಗದ ಬರೆ.

ಅಕ್ಕ


ಏಪ್ರಿಲ್ ೨

ಅಕ್ಕಾ,

ಎರಡನೇ ಸಾಲು ಓದಿರಲಿಲ್ಲ. ೧೮೭೧ರದ್ದನ್ನು ಇವತ್ತು ಮತ್ತೆ ತೆಗೆಸಿ ನೋಡಿದೆ. ಅಲ್ಲಿ ಆಕೆಗೆ "ಮನೆಗೆಲಸ" ಎಂದಿದೆ.

ಇದು ನನ್ನ ಕೈಬರಹ. ಮೇಜೂ ಅಲ್ಲ, ಬಸ್ಸೂ ಅಲ್ಲ.

ನನಗೆ ನನ್ನ ಕೈಯ ಭಯವಿಲ್ಲ. ನನಗೆ ಐವತ್ತೆಂಟಾಯಿತು, ಊರಿಗೆ ಬೇಕಾದಷ್ಟು ಹಲ್ಲು ಮಾಡಿದ್ದೇನೆ. ಮಗಳ ಕೈ ನೀನು ನೋಡಿಲ್ಲ. ಮೇಣದ ಮೇಲೆ ಅವಳು ಚಾಕು ಆಡಿಸುವಾಗ ನಾನು ನನ್ನ ಕೆಲಸ ಬಿಟ್ಟು ನೋಡುತ್ತೇನೆ. ನಾನು ಮೂವತ್ತು ವರ್ಷದಲ್ಲಿ ಕಲಿತದ್ದನ್ನು ಅವಳು ಮೂರು ವರ್ಷದಲ್ಲಿ ಕಲಿತಿದ್ದಾಳೆ. ಅಷ್ಟು ಚೆನ್ನಾಗಿ ಕಲಿತದ್ದನ್ನು ಒಂದು ದಿನ ಅವಳ ಕೈಯೇ ಕಿತ್ತುಕೊಂಡರೆ? ಅದಕ್ಕಿಂತ ಈಗಲೇ ಬಿಡಿಸಿದರೆ ನನ್ನನ್ನು ಬೈದುಕೊಂಡು ಹೋಗುತ್ತಾಳೆ, ಅಷ್ಟೇ ತಾನೆ.

ಡಾಕ್ಟರ ಹತ್ತಿರ ಹೋಗಿಲ್ಲ. ಬಾಗಿಲ ತನಕ ಹೋಗಿದ್ದೆ. ಒಳಗೆ ಕೂತಿದ್ದವರೊಬ್ಬರು ನಾನು ಮಾಡಿದ ಹಲ್ಲಿನಿಂದ ನಕ್ಕು "ಏನು ನೀವಿಲ್ಲಿ?" ಅಂದರು. ವಿಳಾಸ ತಪ್ಪಿತು ಎಂದು ವಾಪಸು ಬಂದೆ.

ಅವಳಿಗೆ ಹೇಳಬೇಡ.

ತಮ್ಮ


ಏಪ್ರಿಲ್ ೧೯

ಚಿಲ್ಟು,

ಹೋಗಿಬಂದೆ.

ಬಸ್ಸು ಇಳಿದರೆ ಒಂದೇ ಬೀದಿ. ಎರಡೂ ಕಡೆ ಹೆಂಚಿನ ಮನೆ, ಕೊನೆಯಲ್ಲಿ ಹಿಟ್ಟಿನ ಗಿರಣಿ. ಗಿರಣಿಯ ಗೋಡೆಗೆ ಎರಡು ಹಳೆಯ ಗಾಲಿ ಒರಗಿಸಿಟ್ಟಿದ್ದಾರೆ, ಅವುಗಳ ಸಂದಿಯಲ್ಲಿ ಕೋಳಿಗಳ ಸಂಸಾರ. ಗಿರಣಿ ನಡೆಸುವ ಹೆಂಗಸು ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಹೊರಗೆ ಬಂದಳು. ಒಳಗೆ ಯಂತ್ರದ ಗದ್ದಲ, ಇಲ್ಲಿ ನನ್ನ ಕಿವಿ.

"ಏನು ಬೀಸಬೇಕು?" ಅಂತ ಕೈಸನ್ನೆ ಮಾಡಿದಳು.

"ಏನೂ ಬೇಡಮ್ಮಾ, ಗಾಲಿ ನೋಡಬೇಕು."

"ಗಾಲಿ ಬೀಸಕ್ಕಾಗಲ್ಲ!"

"ನೋಡೋಕೆ! ನಮ್ಮ ಅಜ್ಜನ ಅಜ್ಜ ಮಾಡಿದ್ದು!"

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಿಸಿಲಿಗೆ ತಲೆ ಕೆಟ್ಟಿರಬೇಕು ಅಂದುಕೊಂಡಳೋ ಏನೋ, ಒಳಗಿಂದ ನೀರು ತಂದು ಕುಡಿಸಿದಳು. ಆಮೇಲೆ ಕೋಳಿಗಳನ್ನು ಅಟ್ಟಿ, ಒಂದು ಗಾಲಿಯನ್ನು ತಾನೇ ಹೊರಳಿಸಿ ಕೊಟ್ಟಳು. "ನಮ್ಮ ತಾತನ ಗಾಡಿಯದು. ಗಾಡಿ ಮುರಿದು ಸೌದೆ ಆಯಿತು. ಗಾಲಿಗಳು ಮಾತ್ರ ಕೊಡಲಿಗೂ ಜಗ್ಗಲಿಲ್ಲ" ಅಂದಳು.

ಗಾಲಿಯ ಸುತ್ತ ಹಾಕಿದ ಕಬ್ಬಿಣದ ಪಟ್ಟಿಯ ಮೇಲೆ ಕಮ್ಮಾರ ಇಸವಿ ಹೊಡೆದಿದ್ದಾನೆ. ೧೮೮೪. ನಿನ್ನ ಅಡ್ಡಗೆರೆ ಬಿದ್ದು ಮೂರು ವರ್ಷ ಕಳೆದ ಮೇಲೆ.

ಅರಗಳೆಲ್ಲ ಬಂದು ಸೇರುವ ನಡುವಿನ ಗುಂಬವನ್ನು ಸೆರಗಿನಿಂದ ಒರೆಸಿದೆ. ಗುರುತು ಇದೆ ಕಣೋ. ಮೇಲೆ ಚುಕ್ಕೆ, ಕೆಳಗೆ ಗೆರೆ. ಆದರೆ ಮೂರಲ್ಲ, ಆರು. ಮೂರು ಗೆರೆ ತೆಳ್ಳಗೆ, ಹುಳು ಹರಿದ ಹಾಗೆ ಅಂಕುಡೊಂಕಾಗಿ ಹೋಗಿವೆ. ಅದರಲ್ಲಿ ಒಂದು ದಾರಿ ತಪ್ಪಿ ಚುಕ್ಕೆಯ ಹತ್ತಿರ ಹೋಗಿಬಿಟ್ಟಿದೆ. ಒಂದೊಂದರ ಪಕ್ಕದಲ್ಲೂ ಒಂದೊಂದು ಆಳವಾದ ಗೆರೆ, ನೆಟ್ಟಗೆ.

ಅದನ್ನು ಯಾರು ಕೊರೆದರು ಅಂತ ಎಲ್ಲೂ ಬರೆದಿಲ್ಲ. ನಾನು ಅಂದುಕೊಂಡದ್ದನ್ನು ಹೇಳುತ್ತೇನೆ. ಆತ ಕೂತು ಹೇಳಿಕೊಟ್ಟ, ಆಕೆ ಉಳಿ ಹಿಡಿದಳು. ಗಾಲಿ ಮುಗಿದಾಗ ಗುರುತು ಹಾಕಬೇಕಲ್ಲ, ಆತ ತನ್ನ ಮೂರು ಗೆರೆ ತಾನೇ ಹಾಕಿದ, ಬಂದ ಹಾಗೆ. ಆಕೆ ಅದನ್ನು ತಿದ್ದಲಿಲ್ಲ ನೋಡು. ಕೆತ್ತಿ ಅಳಿಸಿ ಮೇಲೆ ಚೆನ್ನಾಗಿ ಹಾಕಬಹುದಿತ್ತು. ಹಾಕಲಿಲ್ಲ. ಪಕ್ಕದಲ್ಲಿ ತನ್ನವನ್ನು ಹಾಕಿದಳು.

ನಾನು ಅಲ್ಲೇ ಕೋಳಿಗಳ ಮಧ್ಯೆ ಕೂತುಬಿಟ್ಟೆ. ಗಿರಣಿಯವಳು ಇನ್ನೊಂದು ಲೋಟ ನೀರು ತಂದಳು.

ಇನ್ನು ನಿನ್ನ ಗುಟ್ಟಿನ ವಿಷಯ. ನನಗೆ ಎರಡು ಕಡೆಯಿಂದಲೂ "ಹೇಳಬೇಡ" ಅಂತ ಕಾಗದ ಬಂದಿದೆ. ನನ್ನ ಬಾಯಲ್ಲಿ ನೀನು ಮಾಡಿದ ಸೆಟ್ ಇದೆ, ಅದರಲ್ಲಿ ಹಲ್ಲೇ ನಿಲ್ಲಲ್ಲ, ಗುಟ್ಟು ಎಲ್ಲಿ ನಿಲ್ಲುತ್ತೆ? ನಿನ್ನ ಮಗಳಿಗೆ ಹೋದ ವರ್ಷದಿಂದ ಗೊತ್ತು. ನೀನು ಊಟಕ್ಕೆ ಎದ್ದಾಗ ನಿನ್ನ ಸೆಟ್ಟುಗಳನ್ನು ಯಾರು ಸರಿಮಾಡುತ್ತಾರೆ ಅಂತ ಅವಳನ್ನೇ ಕೇಳು. ಅವಳ ಕೆಲಸ ಬಿಡಿಸಬೇಕೋ ಬೇಡವೋ ಅನ್ನುವುದನ್ನೂ ಅವಳನ್ನೇ ಕೇಳು, ಕೈ ಅವಳದು. ಬೀರುವಿನ ಬೀಗ ತೆಗಿ. ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ. ಹೋಗದಿದ್ದರೆ ನಾನೇ ಬರುತ್ತೇನೆ, "ಸ" ಕಾರದಲ್ಲಿ ಬೈಯುತ್ತೇನೆ, ನಿಮ್ಮ ಬೀದಿಯ ನಾಯಿಗಳೆಲ್ಲ ಎದ್ದು ಬರುತ್ತವೆ.

ಅಕ್ಕ


ಮೇ ೧೬

ಅಕ್ಕಾ,

ಇದು ನಾನು ಹೇಳುತ್ತಿರುವುದು, ಮಗಳು ಬರೆಯುತ್ತಿದ್ದಾಳೆ. ನಾನು ಹೇಳಿದ್ದನ್ನು ಮಾತ್ರ ಬರೆಯಬೇಕೆಂದು ಆಜ್ಞೆ ಮಾಡಿದ್ದೇನೆ. (ಅತ್ತೆ, ಆಜ್ಞೆಯನ್ನು ಪಾಲಿಸುತ್ತಿಲ್ಲ.)

ನಿನ್ನ ಕಾಗದ ಬಂದ ದಿನ ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು ಇಡೀ ಬೆಳಗ್ಗೆ ಧೈರ್ಯವಾಗಿ ಓಡಾಡಿದೆ. (ಎರಡು ಸಲ ಅಚ್ಚಿಗೆಂದು ಪ್ಲಾಸ್ಟರ್ ಕಲಸಿ, ಎರಡು ಸಲವೂ ಸುಮ್ಮನೆ ಒಣಗಿಸಿದರು.) ಊಟದ ಹೊತ್ತಿಗೆ ಎದ್ದು ಹೊರಗೆ ಹೋದ ಹಾಗೆ ಮಾಡಿ, ವಾಪಸು ಬಂದು ಬಾಗಿಲಲ್ಲಿ ನಿಂತೆ. ಇವಳು ನನ್ನ ಜಾಗದಲ್ಲಿ ಕೂತು ಹೆಡ್‌ಮಾಸ್ತರರ ಸೆಟ್ಟಿನ ಕೋರೆಹಲ್ಲು ತಿರುಗಿಸುತ್ತಿದ್ದಳು. ಮೇಣದ ಚಾಕು ಬೀರುವಿನಲ್ಲಿತ್ತಲ್ಲ, ಅಡುಗೆಮನೆಯ ಚಮಚದ ಹಿಡಿಯಿಂದ! ನನಗೆ ಮೊದಲು ಬಂದದ್ದು ಸಿಟ್ಟು. ಉಪಕರಣಕ್ಕೆ ಒಂದು ಮರ್ಯಾದೆ ಬೇಡವೇ?

"ಎಷ್ಟು ದಿನದಿಂದ ನಡೀತಿದೆ ಇದು?" ಅಂದೆ.

"ನೀವು ಚೆನ್ನಾಗಿ ಊಟ ಮಾಡೋಕೆ ಶುರು ಮಾಡಿದಾಗಿನಿಂದ" ಅಂದಳು. ನಾನು ಊಟಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದುದು ಅವಳಿಗೆ ಸಮಯ ಸಿಗಲಿ ಎಂದೇ ಇರಬಹುದು. ನನಗೂ ಸರಿಯಾಗಿ ಗೊತ್ತಿಲ್ಲ. ಬೀರುವಿನ ಬೀಗ ತೆಗೆದೆ. (ಬೀಗದ ಕೈ ಕಂಡಿಗೆ ಹೋಗಲಿಲ್ಲ. ನಾನು ತೆಗೆದೆ.)

ಡಾಕ್ಟರ ಹತ್ತಿರ ಹೋಗಿಬಂದೆವು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅವರು ಮೊದಲು ಅದಕ್ಕೇ ಮದ್ದು ಕೊಡಲು ಹೊರಟರು. ಕಾಗದದ ಮೇಲೆ ಸುರುಳಿ ಬರೆಸಿದರು, ನೀರಿನ ಲೋಟ ಎತ್ತಿಸಿದರು, ನಡೆಸಿ ನೋಡಿದರು. ನಾವು ಹೆದರಿದ್ದ ದೊಡ್ಡ ಕಾಯಿಲೆ ಇದಲ್ಲವಂತೆ. ಬರಿಯ ನಡುಕ. ಮನೆತನದಲ್ಲಿ ಇಳಿದು ಬರುವಂಥದ್ದು. ಮಾತ್ರೆಯಿಂದ ಸ್ವಲ್ಪ ತಗ್ಗಬಹುದು, ಹೋಗುವುದಿಲ್ಲ.

ನಾನು ಕೇಳಬೇಕೆಂದಿದ್ದನ್ನು ಕೇಳಲಾಗಲಿಲ್ಲ. ಇವಳೇ ಕೈ ಚಾಚಿ ಕೇಳಿದಳು, "ನನಗೆ?"

ಡಾಕ್ಟರು ಇವಳ ಕೈಯನ್ನು ನೋಡಿದರು, ನನ್ನನ್ನು ನೋಡಿದರು. "ಬರಬಹುದು. ಬರದೆಯೂ ಇರಬಹುದು. ಅರ್ಧಕ್ಕರ್ಧ" ಅಂದರು.

ಹೊರಗೆ ಬಂದು ಇಬ್ಬರೂ ಬೆಂಚಿನ ಮೇಲೆ ಕೂತೆವು. ನಾನು ಮತ್ತೆ ಅದೇ ರಾಗ ತೆಗೆದೆ. ಬೇರೆ ಕೆಲಸ ನೋಡು ಮಗಳೇ, ಇನ್ನೂ ವಯಸ್ಸಿದೆ. ಅವಳು ಹೇಳಿದ್ದನ್ನು ಅವಳೇ ಬರೆಯಲಿ. (ಬರೆಯಲ್ಲ. ಅತ್ತೆ, ನಾನು ಅಳುತ್ತಿದ್ದೆ, ಏನು ಹೇಳಿದೆನೋ ನೆನಪಿಲ್ಲ. ಭಯ ಹೋಗಿಲ್ಲ. ಬೆಳಿಗ್ಗೆ ಈಗಲೂ ಕೈ ನೋಡಿಕೊಳ್ಳುತ್ತೇನೆ. ನೋಡಿಕೊಂಡು ಕೆಲಸಕ್ಕೆ ಹೋಗುತ್ತೇನೆ.)

ಈಗ ಕ್ರಮ ಹೀಗಿದೆ. ನಾನು ಪಕ್ಕದಲ್ಲಿ ಕೂತು ಬಾಯಿಯ ಅಚ್ಚನ್ನು ಓದುತ್ತೇನೆ. ಯಾರ ದವಡೆ ಹೇಗೆ ಆಡುತ್ತದೆ, ಎಲ್ಲಿ ಒತ್ತುತ್ತದೆ ಎಂದು ಹೇಳುತ್ತೇನೆ. ಅವಳು ಕೂರಿಸುತ್ತಾಳೆ. ನಾನು ಬೈಯುತ್ತೇನೆ. ಅವಳು ನನ್ನ ಚಹಾದ ಲೋಟಕ್ಕೆ ಅರ್ಧ ಸುರಿಯುತ್ತಾಳೆ. ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೋ, ನಾನಂತೂ ಹೇಳಿಲ್ಲ.

ಪಾರ್ಸೆಲ್ ಕಳಿಸಿದ್ದೇನೆ. ಹಳೆಯದನ್ನು ತೆಗೆದಿಟ್ಟು ಇದನ್ನು ಹಾಕಿಕೊಂಡು ನೋಡು. ಕೂರದಿದ್ದರೆ ನಿನ್ನ ವಸಡಿನ ದೋಷ.

ಕೆಳಗಿನ ಸಹಿ ನನ್ನದೇ.

ತಮ್ಮ


ಜೂನ್ ೪

ಮಕ್ಕಳಾ,

ಕೂತಿದೆ. ಸೇಬು ಕಚ್ಚಿದೆ, ಶಬ್ದ ನನಗೇ ಕೇಳಿಸಿತು. ತರಕಾರಿಯವನ ಹತ್ತಿರ ಹೋಗಿ "ಸೌತೆಕಾಯಿ, ಸೊಪ್ಪು, ಸಬ್ಬಸಿಗೆ" ಅಂತ ಬೇಡದ್ದನ್ನೆಲ್ಲ ಕೇಳಿದೆ. ಅವನ ನಾಯಿ ಮಲಗಿದ ಜಾಗದಿಂದ ಕಿವಿ ಕೂಡ ಅಲ್ಲಾಡಿಸಲಿಲ್ಲ.

ಆದರೆ ಮೇಲಿನ ಸೆಟ್ಟಿನಲ್ಲಿ ಅಂಗುಳ ಮುಚ್ಚುವ ಕಡೆ ಏನೋ ನಾಲಿಗೆಗೆ ತೊಡಕುತ್ತಿತ್ತು. ಪಾಲಿಶ್ ಮಾಡುವುದನ್ನು ಮರೆತಿದ್ದೀರಿ ಅಂತ ಬೈಯಲು ಕಾಗದ ತೆಗೆದುಕೊಂಡೆ. ಬಾಯಿಂದ ತೆಗೆದು ನೋಡಬೇಕಾಗಲೂ ಇಲ್ಲ, ಸುಮ್ಮನೆ ಕೂತು ನಾಲಿಗೆಯ ತುದಿಯನ್ನು ಆಡಿಸಿದೆ. ಮೊದಲು ಒಂದು ಚುಕ್ಕೆ ಸಿಕ್ಕಿತು. ಆಮೇಲೆ ಗೆರೆಗಳು. ಮೂರು ನಡುಗಿಕೊಂಡು ಹೋಗುತ್ತವೆ, ಮೂರು ಅವುಗಳ ಪಕ್ಕದಲ್ಲೇ ನೆಟ್ಟಗೆ ಹೋಗುತ್ತವೆ.

ಮಾತಾಡುವಾಗ ಸ್ವಲ್ಪ ತಗಲುತ್ತೆ. ಇರಲಿ ಬಿಡಿ. ಉಜ್ಜಿಸಲ್ಲ.

ಅಕ್ಕ, ಅತ್ತೆ